ಹಾಲಿನಕ್ಕ ಬರೆದ ಎಂಟನೇ ಸುಳಿವು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಬಸ್ ನಿಲ್ದಾಣದ ಮೂಲೆಯ ಹಾಲಿನ ಬೂತಿನ ಬಾಗಿಲು ಅರ್ಧ ಮೇಲೆದ್ದಿದೆ. ಒಳಗೆ ಒಂದರ ಮೇಲೊಂದು ಕ್ರೇಟುಗಳು. ಬೋರಲು ಹಾಕಿದ ಒಂದು ಖಾಲಿ ಕ್ರೇಟಿನ ಮೇಲೆ ರಟ್ಟು, ರಟ್ಟಿನ ಮೇಲೆ ಚೌಕಗಳ ಗೆರೆ ಎಳೆದ ಹಾಳೆ. ಐವತ್ತೆರಡು ವರ್ಷದ ಹೆಂಗಸೊಬ್ಬರು ಎಡಗೈಯಿಂದ ಹಾಲಿನ ಪ್ಯಾಕೆಟ್ ಎತ್ತಿ ಗಿರಾಕಿಗೆ ಕೊಡುತ್ತಾರೆ, ಬಲಗೈಯಿಂದ ಒಂದು ಚೌಕದೊಳಗೆ ಇಂಟು ಮಾರ್ಕು ಹಾಕುತ್ತಾರೆ. ಗಿರಾಕಿ ಚಿಲ್ಲರೆ ಎಣಿಸಿ ತಲೆ ಎತ್ತುವಷ್ಟರಲ್ಲಿ ಇನ್ನೆರಡು ಇಂಟು ಬಿದ್ದಿರುತ್ತವೆ.

ಈ ಬಡಾವಣೆಗೆ ಅವರು ಹಾಲಿನಕ್ಕ. ದಿನಕ್ಕೆ ಇಪ್ಪತ್ತೆರಡು ಕ್ರೇಟು ಹಾಲು, ಎಂಟು ಗಂಟೆಯೊಳಗೆ ಖಾಲಿ. ಆದರೆ ನೀವು ಈಗ ಕೈಯಲ್ಲಿ ಹಿಡಿದಿರುವ ಈ ಪುರವಣಿಯ ಕೊನೆಯ ಪುಟದ ‘ತರ್ಕದ ಚೌಕ’ವನ್ನು ಹದಿನೈದು ವರ್ಷಗಳಿಂದ ನಿಮಗಿಂತ ಮೊದಲು ಬಿಡಿಸುತ್ತಿರುವವರೂ ಇವರೇ ಎಂಬುದು ಬೂತಿನ ಮುಂದೆ ಸಾಲು ನಿಲ್ಲುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಇದೇ ಪತ್ರಿಕೆಯಲ್ಲಿ ಒಂಬತ್ತು ವರ್ಷದಿಂದ ಬರೆಯುತ್ತಿರುವ ನನಗೂ ಕಳೆದ ತಿಂಗಳವರೆಗೆ ಗೊತ್ತಿರಲಿಲ್ಲ.

ಆ ಪುಟದ ತಂಟೆಗೇ ಹೋಗದವರಿಗಾಗಿ ಒಂದು ಮಾತು. ನಾಲ್ಕು ಜನ, ನಾಲ್ಕು ಕೊಡೆ, ನಾಲ್ಕು ದಿನ. ಯಾರ ಕೊಡೆ ಯಾವ ಬಣ್ಣದ್ದು, ಯಾರದ್ದು ಯಾವತ್ತು ಕಳೆದುಹೋಯಿತು ಎಂದು ಹೇಳಬೇಕು. ನೇರವಾಗಿ ಯಾರೂ ಹೇಳುವುದಿಲ್ಲ, ಸುಳಿವು ಮಾತ್ರ ಕೊಡುತ್ತಾರೆ. ಇದು ಇವರದ್ದಲ್ಲ ಎಂದು ಖಚಿತವಾದರೆ ಆ ಚೌಕಕ್ಕೆ ಇಂಟು, ಇವರದ್ದೇ ಎಂದು ಖಚಿತವಾದರೆ ರೈಟು. ಎಲ್ಲ ಸುಳಿವೂ ಮುಗಿದಾಗ ಒಂದೇ ಒಂದು ಉತ್ತರ ಉಳಿಯಬೇಕು. ಎರಡು ಉಳಿದರೆ ಒಗಟು ಹಾಳು. ಅದು ಅಚ್ಚಿಗೆ ಹೋಗುವ ಮೊದಲೇ ನೋಡಿ ಹೇಳುವುದು ಹಾಲಿನಕ್ಕನ ಕೆಲಸ.

ಪತ್ರಿಕೆಯ ಕಟ್ಟುಗಳನ್ನು ಮೂಲೆಯಲ್ಲಿ ಇಳಿಸುವ ವ್ಯಾನು ಮಂಗಳವಾರ ಒಂದು ಲಕೋಟೆಯನ್ನೂ ಇಳಿಸುತ್ತದೆ, ಗುರುವಾರ ಅದನ್ನೇ ವಾಪಸು ಒಯ್ಯುತ್ತದೆ. ನಡುವಿನ ಹೊತ್ತಿನಲ್ಲಿ ಅಕ್ಕ ಒಂದೇ ಒಗಟನ್ನು ಮೂರು ಸಲ ಬಿಡಿಸುತ್ತಾರೆ. ಮೊದಲು ಸುಳಿವುಗಳನ್ನು ಮೇಲಿನಿಂದ ಕೆಳಗೆ ಓದಿ, ಆಮೇಲೆ ಕೆಳಗಿನಿಂದ ಮೇಲೆ ಓದಿ. ಮೂರನೆಯದು ಜಗಳಗಂಟಿಯ ಹಾಗೆ. ಬಂದ ಉತ್ತರವನ್ನು ಬದಿಗಿಟ್ಟು, ಇದಲ್ಲದೆ ಇನ್ನೊಂದು ಉತ್ತರ ಯಾಕಾಗಬಾರದು ಎಂದು ಒಂದೊಂದೇ ಚೌಕದ ಜೊತೆ ವಾದಕ್ಕೆ ಕೂರುತ್ತಾರೆ.

ನನಗೂ ಒಂದು ಹಾಳೆ ಕೊಟ್ಟು ಪಕ್ಕದ ಕ್ರೇಟಿನ ಮೇಲೆ ಕೂರಿಸಿದರು. ಮೂರನೇ ಸುಳಿವಿಗೇ ನಾನು ಜಂಬದಿಂದ ಒಂದು ರೈಟು ಹಾಕಿದೆ. ಅವರು ರಬ್ಬರು ತೆಗೆದುಕೊಂಡು ಅದನ್ನು ಅಳಿಸಿದರು. “ನಿಮಗೆ ಹಾಗನ್ನಿಸ್ತು, ಅಷ್ಟೆ. ಸುಳಿವು ಹಾಗೆ ಹೇಳಿಲ್ಲ. ಮೊದಲು ಇಂಟು ಹಾಕೋದು ಕಲೀಬೇಕು. ಎಲ್ಲಾ ಇಂಟೂ ಬಿದ್ಮೇಲೆ ರೈಟು ತಾನಾಗೇ ಬಂದು ಕೂತ್ಕೊಳ್ಳುತ್ತೆ, ನಾವು ಎಳ್ಕೊಂಡು ಬರೋದು ಬೇಡ.” ಪ್ಯಾಕೆಟ್ ಕೊಳ್ಳಲು ನಿಂತಿದ್ದ ನಿವೃತ್ತ ಗುಮಾಸ್ತರೊಬ್ಬರು ನನ್ನನ್ನು ನೋಡಿ ನಕ್ಕರು. ನನ್ನ ಮುಖ ಸಪ್ಪಗಾಗಿದ್ದು ಅವರಿಗೆ ಕಂಡಿರಬೇಕು.

ಅಕ್ಕ ಓದಿದ್ದು ಹತ್ತನೇ ತರಗತಿ. ಗಂಡ ಹಾಲಿನ ವ್ಯಾನು ಓಡಿಸುತ್ತಿದ್ದರು. ಹದಿನಾರು ವರ್ಷದ ಹಿಂದೆ ವ್ಯಾನಿನಿಂದ ಕ್ರೇಟು ಇಳಿಸುವಾಗ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಅಕ್ಕ ನಾಲ್ಕು ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಕಳೆದರು. ಅಲ್ಲಿ ಯಾರೋ ಬಿಟ್ಟುಹೋದ ಪುರವಣಿಯಲ್ಲಿ ಮೊದಲ ಸಲ ಈ ಚೌಕ ಕಣ್ಣಿಗೆ ಬಿತ್ತಂತೆ. “ಆಗ ಡಾಕ್ಟರನ್ನ ಏನು ಕೇಳಿದ್ರೂ ನೋಡೋಣ ಅಂತಿದ್ರು. ನೆಂಟರೂ ನೋಡೋಣ ಅಂತಿದ್ರು. ಯಾವುದಕ್ಕೂ ಉತ್ತರ ಇರ್ಲಿಲ್ಲ. ಈ ಹಾಳೆಗೆ ಮಾತ್ರ ಇತ್ತು. ಅದು ಸಿಕ್ಕಿದಾಗ ನನಗೆ ಅಳು ಬಂದಿತ್ತು.” ಗಂಡ ಈಗ ಎದ್ದು ಓಡಾಡುತ್ತಾರೆ, ಭಾರ ಎತ್ತುವಂತಿಲ್ಲ. ಮನೆಯಲ್ಲಿ ಕೂತು ಪೆನ್ಸಿಲುಗಳ ಮೊನೆ ಮಾಡಿಕೊಡುವುದು ತಮ್ಮ ಖಾತೆ ಎಂದು ಅವರು ಹೇಳಿಕೊಳ್ಳುತ್ತಾರೆ. ಒಂದು ಪೆನ್ಸಿಲು ಅಕ್ಕನಿಗೆ ಎರಡು ವಾರ ಬಾಳಿದರೆ ಹೆಚ್ಚು.

ಬೂತು ಹಿಡಿದ ವರ್ಷವೇ ಅಕ್ಕ ಪತ್ರಿಕೆಗೆ ಒಂದು ಕಾಗದ ಹಾಕಿದರು. ಈ ವಾರದ ಒಗಟಿಗೆ ಎರಡು ಉತ್ತರ ಇದೆ, ಇಗೋ ಎರಡನೆಯದು, ಎಂದು ಎರಡೇ ಸಾಲು. ಸಂಪಾದಕರು ಅದನ್ನು ಒಗಟು ಕಟ್ಟುವ ಮೇಷ್ಟ್ರಿಗೆ ಕಳಿಸಿದರು. ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ಶುರುವಿನಿಂದಲೂ ಈ ಪುಟ ಅವರದ್ದೇ. ತಪ್ಪು ಒಪ್ಪಿಕೊಂಡು, ಈ ಹೆಣ್ಣುಮಗಳನ್ನು ಬಿಡಬೇಡಿ ಎಂದು ಉತ್ತರ ಬರೆದರು. ಅಲ್ಲಿಂದ ಲಕೋಟೆ ಬರಲು ಶುರುವಾಯಿತು. ವಿಚಿತ್ರವೆಂದರೆ ಹದಿನಾಲ್ಕು ವರ್ಷ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಪ್ಪು ಕಂಡರೆ ಅಕ್ಕ ಹಾಳೆಯ ಅಂಚಿನಲ್ಲಿ ‘ಎರಡು’ ಎಂದು ಬರೆದು ಕಳಿಸುತ್ತಿದ್ದರು. ಹಾಳೆ ಮೇಷ್ಟ್ರಿಗೆ ಹೋಗಿ, ತಿದ್ದಿಸಿಕೊಂಡು ಬರುತ್ತಿತ್ತು. ಅಷ್ಟು ವರ್ಷಕ್ಕೆ ಹನ್ನೊಂದೇ ಸಲ ಹಾಗೆ ಬರೆದಿದ್ದರು.

ಮೇಷ್ಟ್ರಿಗೆ ಕಳೆದ ವರ್ಷ ಪಾರ್ಶ್ವವಾಯು ಹೊಡೆಯಿತು. ಎರಡು ತಿಂಗಳು ಹಳೆಯ ಒಗಟುಗಳನ್ನೇ ಹಾಕಿ ಪತ್ರಿಕೆ ದಿನ ತಳ್ಳಿತು. ಮಾತು ಸ್ವಲ್ಪ ತೊದಲಿದರೂ ಮತ್ತೆ ಕಟ್ಟುತ್ತೇನೆಂದು ಮೇಷ್ಟ್ರು ಹಟ ಹಿಡಿದರು. ಅವರು ಹೇಳುವುದು, ಅವರ ಹೆಂಡತಿ ಬರೆದುಕೊಳ್ಳುವುದು. ಅದೇ ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತಿದೆ, ನಿಲ್ಲಿಸಬೇಡಿ ಎಂದು ಡಾಕ್ಟರೂ ಹೇಳಿದರು. ಆದರೆ ಒಗಟು ಕಟ್ಟುವವರಿಗೆ ಮಾತ್ರ ಬರುವ ಒಂದು ಕಾಯಿಲೆ ಇದೆಯಂತೆ. ಅಕ್ಕ ಅದನ್ನು ಹೀಗೆ ವಿವರಿಸುತ್ತಾರೆ: “ಕಟ್ಟಿದವರಿಗೆ ಉತ್ತರ ಮೊದಲೇ ಗೊತ್ತಿರುತ್ತಲ್ಲ, ಹಂಗಾಗಿ ಒಂದು ಸುಳಿವು ಹೇಳದೇ ಇದ್ರೂ ಹೇಳಿದೀನಿ ಅಂತಾನೇ ಅನ್ಸುತ್ತೆ. ಮುಂಚೆ ಮೇಷ್ಟ್ರಿಗೆ ವರ್ಷಕ್ಕೊಂದು ಸಲ ಹಂಗಾಗ್ತಿತ್ತು. ಆಮೇಲೆ ಎರಡು ವಾರಕ್ಕೊಂದು ಸಲ ಆಗೋಕೆ ಶುರುವಾಯ್ತು.”

ಹಾಗೆ ತಪ್ಪಿದ ಮೊದಲ ಎರಡು ಒಗಟನ್ನು ಅಕ್ಕನೂ ಹಿಡಿಯಲಿಲ್ಲ. ಇದನ್ನು ಬರೆಯಲೇಬೇಕೆಂದು ಅವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಮೇಷ್ಟ್ರು ಚೇತರಿಸಿಕೊಂಡು ಕಟ್ಟಿದ ಒಗಟು ಎಂಬ ಸಂತೋಷಕ್ಕೆ ಅವರು ಆ ಎರಡು ವಾರ ಮೂರನೇ ಸಲ ಬಿಡಿಸದೆ ಸರಿಯಿದೆ ಎಂದು ಕಳಿಸಿಬಿಟ್ಟರು. ಎರಡಕ್ಕೂ ಎರಡೆರಡು ಉತ್ತರವಿತ್ತು. ಸರಿಯುತ್ತರಕ್ಕೆ ಕೊಡುವ ಬಹುಮಾನ ತಪ್ಪಿದ ಓದುಗರ ಕಾಗದಗಳು ಬಂದವು, ಕೆಲವು ಬಿಸಿಯಾಗಿಯೇ ಇದ್ದವು. ಪುಟದ ಮೇಲಿರುವುದು ಮೇಷ್ಟ್ರ ಹೆಸರು, ಆದ್ದರಿಂದ ಕಾಗದಗಳು ಹೋದದ್ದೂ ಮೇಷ್ಟ್ರ ಮನೆಗೆ. ಅವತ್ತು ಅವರು ಊಟ ಮುಟ್ಟಲಿಲ್ಲವಂತೆ. ಇನ್ನೊಂದು ಸಲ ಹೀಗಾದರೆ ಪುಟ ನಿಲ್ಲಿಸಿ ಮೇಷ್ಟ್ರಿಗೆ ವಿಶ್ರಾಂತಿ ಕೊಡುವುದೇ ಸರಿ ಎಂದು ಸಂಪಾದಕರು ಅಕ್ಕನಿಗೆ ಫೋನ್ ಮಾಡಿ ಹೇಳಿದರು.

ಅಲ್ಲಿಂದ ಎಂಟು ತಿಂಗಳು ಹಾಲಿನಕ್ಕ ಮಾಡಿದ ಕೆಲಸ ಪರೀಕ್ಷಕರು ಮಾಡಬಾರದ್ದು. ತಪ್ಪು ಸಿಕ್ಕರೆ ‘ಎರಡು’ ಎಂದು ಬರೆಯುವುದನ್ನು ಬಿಟ್ಟರು. ಬರೆದರೆ ಸಂಪಾದಕರಿಗೆ ತಪ್ಪುಗಳ ಲೆಕ್ಕ ಸಿಗುತ್ತದೆ, ಮೇಷ್ಟ್ರಿಗೆ ಎದೆ ಒಡೆಯುತ್ತದೆ. ಬದಲಿಗೆ ಇರುವ ಸುಳಿವಿನಲ್ಲೇ ಒಂದು ಮಾತು ಆಚೀಚೆ ಮಾಡಿ, ಒಗಟನ್ನು ತಾವೇ ಸರಿಪಡಿಸಿ, ಶುದ್ಧ ಪ್ರತಿ ಬರೆದು ಕಳಿಸತೊಡಗಿದರು. ಹೀಗೆ ಹತ್ತೊಂಬತ್ತು ಒಗಟು. ಯಾರಿಗೂ ಹೇಳಲಿಲ್ಲ, ಗಂಡನಿಗೂ ಇಲ್ಲ. “ಕದ್ದ ಹಂಗೇ ಅನ್ಸೋದು. ಅವರ ಹೆಸರಿನ ಕೆಳಗೆ ನನ್ನ ಮಾತು. ಆದ್ರೆ ಬಿಟ್ರೆ ಆ ಮನುಷ್ಯ ಮತ್ತೆ ಹಾಸಿಗೆ ಹಿಡೀತಾರಲ್ಲ ಅಂತ ಭಯ,” ಎನ್ನುತ್ತಾರೆ. ಈ ಮಾತು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.

ಇಪ್ಪತ್ತನೆಯದೇ ಕೊಡೆಗಳ ಒಗಟು. ಆ ವಾರ ಲಕೋಟೆ ಬಂದದ್ದು ಬುಧವಾರ. ಟೈಲರ್, ನರ್ಸ್, ಡ್ರೈವರ್, ಲೈಬ್ರರಿಯವರು, ಈ ನಾಲ್ವರಲ್ಲಿ ನೀಲಿ ಕೊಡೆ ಟೈಲರದ್ದೋ ನರ್ಸಿನದ್ದೋ ತೀರ್ಮಾನವೇ ಆಗುತ್ತಿರಲಿಲ್ಲ. ಇರುವ ಸುಳಿವುಗಳನ್ನು ತಿದ್ದಲು ಹೊತ್ತಿಲ್ಲದೆ ಅಕ್ಕ ಗಡಿಬಿಡಿಯಲ್ಲಿ ಕೊನೆಗೆ ಒಂದು ಹೊಸ ಸುಳಿವನ್ನೇ ಸೇರಿಸಿದರು: ‘ಟೈಲರ್ ತಮ್ಮ ಕೊಡೆ ಬಿಚ್ಚಿದರೆ, ಯಾವುದು ಕೊಡೆ ಯಾವುದು ಆಕಾಶ ಎಂದು ಹೇಳುವುದು ಕಷ್ಟ.’ ಮೇಷ್ಟ್ರು ಬರೆಯುವುದು ಹೀಗೆಯೇ, ಮೂಗು ಹಿಡಿಯಲು ತಲೆಯ ಹಿಂದಿನಿಂದ ಕೈ ತರುವವರು. ಶೈಲಿ ಸರಿಯಾಗಿಯೇ ಕೂತಿತ್ತು. ಆದರೆ ಮೇಷ್ಟ್ರು ಇಷ್ಟು ವರ್ಷಗಳಲ್ಲಿ ಯಾವ ಒಗಟಿಗೂ ಏಳಕ್ಕಿಂತ ಹೆಚ್ಚು ಸುಳಿವು ಕೊಟ್ಟವರಲ್ಲ.

ಭಾನುವಾರ ಬೆಳಗ್ಗೆ ಹೆಂಡತಿ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದಾಗ, ಎಂಟನೆಯದು ಬಂದ ಕೂಡಲೇ ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. ಆಚೀಚೆಯಾದ ಮಾತುಗಳನ್ನೆಲ್ಲ ತಾವೇ ಬರೆಸಿ ಮರೆತಿರಬೇಕೆಂದು ಅವರು ಅಲ್ಲಿಯವರೆಗೆ ಸುಮ್ಮನಿದ್ದರು. ಎಂಟು ಎನ್ನುವುದನ್ನು ಮಾತ್ರ ನಂಬಲಾಗಲಿಲ್ಲ. ಸಂಪಾದಕರಿಗೆ ಫೋನ್ ಮಾಡಿಸಿ ಬೂತಿನ ವಿಳಾಸ ತೆಗೆದುಕೊಂಡರು. ಸೋಮವಾರ ಬೆಳಗ್ಗೆ ಆರೂವರೆಗೆ ಬಾಡಿಗೆ ಕಾರೊಂದು ಬೂತಿನ ಮುಂದೆ ನಿಂತಿತು. ಹೆಂಡತಿಯ ಭುಜ ಹಿಡಿದು, ಇನ್ನೊಂದು ಕೈಯಲ್ಲಿ ಕೋಲು ಊರಿ ಒಬ್ಬ ತೆಳ್ಳಗಿನ ಮುದುಕರು ಇಳಿದರು. ಕಂಕುಳಲ್ಲಿ ಮಡಿಚಿದ ಪುರವಣಿ. ನೋಡಿದ ತಕ್ಷಣ ಯಾರೆಂದು ಅಕ್ಕನಿಗೆ ತಿಳಿಯಿತು, ಕೈಯಲ್ಲಿದ್ದ ಪ್ಯಾಕೆಟ್ ಕೆಳಗೆ ಬಿದ್ದು ಒಡೆಯಿತು.

ಹಾಲು ಚಪ್ಪಲಿಯವರೆಗೆ ಹರಿದು ಬಂದರೂ ಮೇಷ್ಟ್ರು ಕಾಲು ತೆಗೆಯಲಿಲ್ಲ. ಎಂಟನೇ ಸುಳಿವಿನ ಮೇಲೆ ಬೆರಳಿಟ್ಟು ಇದು ಯಾರದ್ದು ಎಂದರು. ಅಕ್ಕ ತಮ್ಮದೆಂದು ಒಪ್ಪಿಕೊಂಡರು, ಹಿಂದಿನ ಹತ್ತೊಂಬತ್ತನ್ನೂ ಒಪ್ಪಿಕೊಂಡರು, ಕ್ಷಮಿಸಿ ಎಂದರು. ಮೇಷ್ಟ್ರು ಬೆರಳನ್ನು ಒಂದು ಸುಳಿವು ಮೇಲಕ್ಕೆ ಸರಿಸಿದರು. ಆಮೇಲೆ ಒಂದೊಂದೇ ಮಾತನ್ನು ಜೋಡಿಸಿಕೊಂಡು ಹೇಳಿದರು:

“ಸುಳಿವು ಚೆನ್ನಾಗಿದೆಯಮ್ಮ. ಆದ್ರೆ ಇದು ಬಂದ್ಮೇಲೆ ಏಳನೇದು ಯಾಕೆ ಬೇಕು? ಟೈಲರದ್ದು ಹಸಿರಲ್ಲ ಅಂತ ಅಲ್ಲಿ ಹೇಳಿದೆ. ನೀಲಿ ಅಂತ ಗೊತ್ತಾದ್ಮೇಲೆ ಹಸಿರಲ್ಲ ಅಂತ ಬೇರೆ ಹೇಳ್ಬೇಕಾ? ಅದನ್ನ ತೆಗೆದುಹಾಕಿದ್ರೆ ಏಳೇ ಆಗ್ತಿತ್ತು. ಬೇಡದ ಸುಳಿವು ಕೊಡೋದು ಓದುಗರಿಗೆ ಅವಮಾನ.”

ಹದಿನಾಲ್ಕು ವರ್ಷ ತಮ್ಮ ತಪ್ಪು ಹಿಡಿದವರ ತಪ್ಪನ್ನು ಮೇಷ್ಟ್ರು ಹಿಡಿದಿದ್ದರು. ಮೊದಲು ನಕ್ಕವರು ಮೇಷ್ಟ್ರ ಹೆಂಡತಿ. ಮನೆಯಲ್ಲಿ ಗಂಡ ಅಷ್ಟು ಉದ್ದ ಮಾತಾಡಿ ತಿಂಗಳುಗಳಾಗಿದ್ದವು ಎಂದು ಆಮೇಲೆ ಅವರು ನನಗೆ ಹೇಳಿದರು. ಅಕ್ಕನ ಕಣ್ಣಲ್ಲಿ ನೀರು. ಯಾರೋ ಪುಣ್ಯಾತ್ಮರು ಬಕೆಟ್ ತಂದು ನೆಲಕ್ಕೆ ನೀರು ಹೊಯ್ದರು.

ಮೇಷ್ಟ್ರು ಅವತ್ತೇ ಸಂಪಾದಕರಿಗೆ ಎಲ್ಲವನ್ನೂ ಹೇಳಿದರು, ಒಂದು ಷರತ್ತನ್ನೂ ಹಾಕಿದರು. ಇನ್ನು ಮುಂದೆ ಪುಟ ಇಬ್ಬರದ್ದು. ಒಂದು ವಾರ ಅವರು ಕಟ್ಟುತ್ತಾರೆ, ಅಕ್ಕ ಬಿಡಿಸುತ್ತಾರೆ. ಇನ್ನೊಂದು ವಾರ ಅಕ್ಕ ಕಟ್ಟಬೇಕು, ಅವರು ಬಿಡಿಸುತ್ತಾರೆ. ಸಂಪಾದಕರು ಪುಟ ನಿಲ್ಲಿಸುವ ಮಾತನ್ನು ಕೈಬಿಟ್ಟರು. ಎಂಟು ತಿಂಗಳು ತಮಗೆ ಸುಳ್ಳು ಹೇಳಿದ್ದಕ್ಕೆ ಅಕ್ಕನಿಗೆ ಹತ್ತು ನಿಮಿಷ ಬೈದದ್ದೂ ಉಂಟು.

ಈಗ ಬುಧವಾರ ಮಧ್ಯಾಹ್ನ ಬೂತು ಮುಚ್ಚಿ ಅಕ್ಕ ಮೇಷ್ಟ್ರ ಮನೆಗೆ ಹೋಗುತ್ತಾರೆ. ಕಿಟಕಿ ಪಕ್ಕದ ಮೇಜು, ಮೂರು ಲೋಟ ಕಾಫಿ, ನಾಲ್ಕು ರಬ್ಬರು. ಅಕ್ಕನ ಮೊದಲ ಒಗಟನ್ನು ಮೇಷ್ಟ್ರು ಮೂರು ಸಲ ವಾಪಸು ಕೊಟ್ಟರು. ಉತ್ತರ ಮೊದಲೇ ಗೊತ್ತಿರುವವರ ಕಾಯಿಲೆ ಅಕ್ಕನಿಗೂ ಅಂಟಿಕೊಂಡಿತ್ತು. ನಾಲ್ಕನೇ ಸಲ ಮೇಷ್ಟ್ರು ಈಗೀಗ ಹಿಡಿತ ಬಂದಿರುವ ಬಲಗೈಯಲ್ಲಿ ಪೆನ್ಸಿಲು ಹಿಡಿದು, ಐವತ್ತು ನಿಮಿಷ ತೆಗೆದುಕೊಂಡು ಬಿಡಿಸಿದರು. ಕೊನೆಯ ರೈಟು ಹಾಕಿ, ಸುಳಿವುಗಳನ್ನು ಬೆರಳಲ್ಲಿ ಎಣಿಸಿದರು. ಏಳೇ ಇದ್ದವು. ಅದು ಈ ವಾರದ ಕೊನೆಯ ಪುಟದಲ್ಲಿದೆ.

ಪುಟದ ಮೇಲೆ ಹೆಸರು ಹೇಗೆ ಹಾಕೋಣ ಎಂದು ಸಂಪಾದಕರು ಕೇಳಿದಾಗ ಅಕ್ಕ ಬೇಡವೆಂದರು. ಮೇಷ್ಟ್ರ ಹೆಸರು ಹೇಗಿದೆಯೋ ಹಾಗೇ ಇರಲಿ ಎಂದರು. ಹದಿನೈದು ವರ್ಷ ದುಡಿದಿದ್ದೀರಿ, ಒಂದೂ ಆಸೆಯಿಲ್ಲವೇ ಎಂದು ನಾನು ಒತ್ತಾಯ ಮಾಡಿದೆ. ಎರಡು ಪ್ಯಾಕೆಟ್ ಕೊಟ್ಟು ಒಬ್ಬ ಗಿರಾಕಿಯನ್ನು ಕಳಿಸಿ, ಒಂದಿದೆ ಎಂದರು.

“ಈ ವಾರದ್ದಕ್ಕೆ ಎರಡು ಉತ್ತರ ಇದೆ ಅಂತ ಯಾರಾದ್ರೂ ಕಾಗದ ಬರೆದ್ರೆ, ಅದು ಮೇಷ್ಟ್ರ ಮನೆಗೆ ಹೋಗ್ಬಾರ್ದು. ಈ ಬೂತಿಗೆ ಬರ್ಲಿ. ಕಟ್ಟಿದ್ದು ನಾನು.”