ಎಂಟು ಎಲೆಯ ಲೆಕ್ಕ

ಮಳವಳ್ಳಿಯ ಗೋದಮ್ಮ ಲೋಯರ್ ಸೆಕೆಂಡರಿ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದರು, ಎರಡು ಸಲವೂ ಲೆಕ್ಕದಲ್ಲೇ. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಪಾಸಾದರೆ ಪೂರಿಗಾಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಗುವುದಿತ್ತು. ಇಲ್ಲದಿದ್ದರೆ ಇರುವವರೆಗೂ ಅಣ್ಣನ ಮನೆಯ ಒಲೆ. ೧೯೩೬ರ ಪರೀಕ್ಷೆಯೇ ಕೊನೆ ಎಂದು ಅಣ್ಣ ಕಸ್ತೂರಿರಂಗಯ್ಯ ಹೇಳಿಬಿಟ್ಟಿದ್ದರು.

ಗೋದಮ್ಮನ ತಪ್ಪು ಒಂದೇ. ಆವರಣದ ಹೊರಗಿನ ಅಂಕಿಯಿಂದ ಒಳಗಿನ ಮೊದಲನೆಯದನ್ನು ಮಾತ್ರ ಗುಣಿಸಿ, ಎರಡನೆಯದನ್ನು ಹಾಗೆಯೇ ಕೂಡಿಬಿಡುತ್ತಿದ್ದರು. ಅಣ್ಣ ನಿಯಮವನ್ನು ಬಾಯಿಪಾಠ ಮಾಡಿಸಿದ್ದರು. ಬಾಯಿ ಒಪ್ಪಿಸುತ್ತಿತ್ತು, ನಸುಕಿನಿಂದ ನೀರು ಸೇದಿ ಸೋತ ಕೈ ಮರೆಯುತ್ತಿತ್ತು.

ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಎಂಟು ಜನ ಊಟಕ್ಕೆ ಬರುವವರಿದ್ದರು. ಅಡುಗೆ ಗೋದಮ್ಮನದು, ಬಡಿಸುವುದು ಅತ್ತಿಗೆ. ವಿಧವೆ ಪಂಕ್ತಿಗೆ ಬರುವಂತಿರಲಿಲ್ಲ. ವಡೆ ಕರಿದು ಇಳಿಸಿ, ಅಣ್ಣ ಕೊಟ್ಟಿದ್ದ ೮(೪ + ೨) ಲೆಕ್ಕವನ್ನು ಸ್ಲೇಟಿನಲ್ಲಿ ಮಾಡಿದರು. ಮೂವತ್ತನಾಲ್ಕು ಬಂತು. ಅಣ್ಣ ಅಡ್ಡಗೆರೆ ಎಳೆದು ಹೋದರು.

ಹಿತ್ತಲಿಗೆ ಬಾಳೆಲೆ ತಂದ ತೋಟದಾಳು ಬೆಳ್ಳಮ್ಮ ಯಾಕೆ ಸಪ್ಪಗಿದ್ದೀರಿ ಎಂದು ಕೇಳಿದಳು. ಹೊರಗೆ ಎಂಟು, ಒಳಗೆ ನಾಲ್ಕು ಮತ್ತು ಎರಡು ಎಂದು ಗೋದಮ್ಮ ಬೇಸರದಿಂದ ಓದಿ ಹೇಳಿದರು. ಅಕ್ಷರ ಬಾರದ ಬೆಳ್ಳಮ್ಮನಿಗೆ ಎಂಟೆಂದರೆ ತಾನು ತಂದ ಎಲೆಗಳೇ.

"ಎಲೆಗೆ ನಾಕು ವಡೆ, ಎಲ್ಡು ಒಬ್ಬಟ್ಟಾ?"

"ಹಾಗೇ ಅಂದ್ಕೋ. ಎಂಟು ನಾಲ್ಕಲೆ ಮೂವತ್ತೆರಡು, ಮೇಲೆ ಎರಡು."

"ಅಂಗಾರೆ ಒಬ್ಬಟ್ಟು ಮೊದಲ್ನೇ ಎಲೆಯವ್ರಿಗೆ ಮಾತ್ರವಾ? ಮಿಕ್ಕ ಏಳು ಜನ ನಿಮ್ಮಣ್ಣಾರ ಮಕ ನೋಡ್ಕೊಂಡು ಉಣ್ತಾರಾ ಅಮ್ಮಾವ್ರೆ?"

ಗೋದಮ್ಮ ಒಲೆಯ ಪಕ್ಕ ನೋಡಿದರು. ವಡೆ ಮೂವತ್ತೆರಡು, ಒಬ್ಬಟ್ಟು ಹದಿನಾರು. ಯಾರೂ ಹೇಳದೆ ತಾವೇ ಎಣಿಸಿ ಮಾಡಿದ್ದರು. ನಗು ಬರಲಿಲ್ಲ. ಸ್ವಲ್ಪ ಹೊತ್ತು ಕೂತುಕೊಳ್ಳಬೇಕೆನ್ನಿಸಿತು, ಅಷ್ಟೆ.

ಮಂಡ್ಯದ ಪರೀಕ್ಷೆಯಲ್ಲಿ ೭(ಅ + ೫) ಕೊಟ್ಟಿದ್ದರು. ಕೈ ೭ಅ + ೫ ಎಂದು ಬರೆದೇಬಿಟ್ಟಿತು. ಏಳು ಎಲೆಯ ಪಂಕ್ತಿಯಲ್ಲಿ ಒಬ್ಬಟ್ಟಿಲ್ಲದೆ ಕೂತ ಆರು ಜನ ಕಣ್ಮುಂದೆ ಬಂದರು. ಐದನ್ನು ಹೊಡೆದುಹಾಕಿ ಮೂವತ್ತೈದು ಬರೆದರು. ಫಲಿತಾಂಶ ಬಂದಾಗ ಲೆಕ್ಕದಲ್ಲಿ ಬೇಕಾದ್ದಕ್ಕಿಂತ ಒಂದೇ ಅಂಕ ಹೆಚ್ಚು ಬಂದಿತ್ತು.

ಪೂರಿಗಾಲಿಯಲ್ಲಿ ಮೊದಲ ದಿನದ ಪಾಠ ಮುಗಿಸಿ, ಬಾಡಿಗೆ ಕೋಣೆಗೆ ಬಂದು ಗೋದಮ್ಮ ಅನ್ನ ಸಾರು ಮಾಡಿದರು. ತಮಗೆಂದು ಒಂದೇ ಎಲೆ ಹಾಕಿ, ಎಷ್ಟೋ ವರ್ಷಗಳ ಮೇಲೆ ತಾವೇ ಬಡಿಸಿದರು. ಗೋಡೆಗೊರಗಿ ಕೂತವರಿಗೆ ಅಲ್ಲೇ ನಿದ್ದೆ ಹತ್ತಿತು. ಎಚ್ಚರವಾದಾಗ ಅನ್ನ ಆರಿತ್ತು. ಅದನ್ನೇ ನಿಧಾನವಾಗಿ ಉಂಡರು.