ಪಕ್ಕದ ಮನೆಯ ಫ್ರಿಜ್

೧೯೮೫ರಲ್ಲಿ ನಾನು ಶಾಲೆ ಬಿಟ್ಟೆ. ಐದನೇ ತರಗತಿಯೂ ಪೂರ್ತಿಯಾಗಿರಲಿಲ್ಲ. ಅಂದಿನಿಂದ ಗೌಂಡಿ ಕೆಲಸ. ನಾನು ಕಟ್ಟಿದ ಗೋಡೆ ಬಿರಿದದ್ದನ್ನು ದಾಂಡೇಲಿಯಲ್ಲಿ ಯಾರೂ ತೋರಿಸಲಾರರು.

ಕಳೆದ ವರ್ಷ ಅಂಬೇವಾಡಿಯ ನಮ್ಮ ಮನೆಗಳ ಸಾಲಿಗೆ ಬಡತನದ ಸಮೀಕ್ಷೆ ಬಂತು. ಬರೆದುಕೊಳ್ಳಲು ಬಂದವರು ಶಾಲೆಯ ಶಿಕ್ಷಕಿ, ನಮ್ಮ ಮಾತಿನಲ್ಲಿ ಬಾಯಾರು. ಮನೆಗೆ ಯಾರಾದರೂ ಬರುತ್ತಾರೆಂದರೆ ಪಕ್ಕದವರ ಕುರ್ಚಿ ತಂದು ಹಾಕುವುದು ನಮ್ಮಲ್ಲಿ ರೂಢಿ. ನಾನೂ ನಾಲ್ಕು ತಂದಿದ್ದೆ. ಪಕ್ಕದ ಮನೆಯ ಹೆಂಚು ಇಳಿಸಿದ್ದರಿಂದ ಅವರ ಫ್ರಿಜ್ ಕೂಡ ಆ ವಾರ ನಮ್ಮ ಪಡಸಾಲೆಯಲ್ಲೇ ಇತ್ತು.

“ಫ್ರಿಜ್ ನಿಮ್ದೇನ್ರಿ?”

“ಹೂಂ ರೀ.”

“ಮನ್ಯಾಗ ಯಾರರ ಆರು ವರ್ಷ ಸಾಲಿ ಕಲ್ತಾರೇನ್ರಿ?”

“ನಾನ ಕಲ್ತೇನಲ್ರಿ. ಹತ್ನೇತ್ತಾ ಪಾಸ್.”

ಒಲೆಯ ಮುಂದಿದ್ದ ಹೆಂಡತಿ ಕೆಮ್ಮಿದಳು. ನಾನು ತಿರುಗಿ ನೋಡಲಿಲ್ಲ.

ಬಾಯಾರು ಹೋದ ಮೇಲೆ ಅವಳು ಅಂದಳು: “ಹತ್ನೇತ್ತಾ ಪಾಸಾದ ಸಾಹೇಬ್ರ, ಇದನ್ನ ನೋಡಿ ಕಾರ್ಡ್ ತಗದ ಹಾಕಿದ್ರ ನನ್ನ ಆಪರೇಶನ್ ಹೆಂಗ?”

ಅವಳ ಹೃದಯದ ಕವಾಟ ಕೆಟ್ಟಿತ್ತು. ಮುಂದಿನ ಸೋಮವಾರ ಹುಬ್ಬಳ್ಳಿಯಲ್ಲಿ ಆಪರೇಶನ್, ಅದೂ ಬಡವರ ರೇಷನ್ ಕಾರ್ಡಿನ ಮೇಲೆ. ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದೆ.

ಬಾಯಾರು ಸಾಲಿನ ಕೊನೆಯ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಆ ಮನೆಯ ಗೋಡೆ ನಾನೇ ಕಟ್ಟಿದ್ದು. ಯಜಮಾನ ಎದುರಿಗೇ ಇದ್ದ. ಅವನ ಮುಂದೆ ಹೇಳಬೇಕಾಯಿತು.

“ಬಾಯಾರ, ಫ್ರಿಜ್ ನಮ್ದಲ್ರಿ. ಕುರ್ಚಿನೂ ಅಲ್ಲ. ಸಾಲಿ… ನಾಲ್ಕನೇತ್ತಾ ಅಷ್ಟ. ಕಾರ್ಡ್ ತಗೀಬ್ಯಾಡ್ರಿ.”

ಯಜಮಾನ ನಕ್ಕ. “ಬಡವ ಆಗಾಕ ಇಷ್ಟ ಜೋರ ಓಡ್ತೀಯಲ್ಲೋ ಮೇಸ್ತ್ರಿ.”

ಬಾಯಾರು ನಗಲಿಲ್ಲ. “ಇದಕ್ಕೂ ಕಾರ್ಡಿಗೂ ಸಂಬಂಧ ಇಲ್ರಿ. ಆದ್ರ ಬರೇ ಕೆಲವು ಮನಿ ಆರಿಸಿ ಕೇಳ್ತೇವಿ. ನಿಮ್ಮ ಒಂದ ಮನಿ ಉತ್ತರದಾಗ ನಾವು ಹೋಗದ ಎಷ್ಟೋ ಮನಿ ಲೆಕ್ಕ ಐತಿ. ನೀವು ಫ್ರಿಜ್ ಐತಿ ಅಂದ್ರ ಅವರ ಮನ್ಯಾಗೂ ಫ್ರಿಜ್ ಬಂದಂಗ.”

ಕಾರ್ಡಿನ ಮಾತನ್ನು ನಂಬುವ ಧೈರ್ಯ ನನಗೆ ಬರಲಿಲ್ಲ. ಅವರು ಹಳೆಯ ಉತ್ತರ ಹೊಡೆದು ಹೊಸದು ಬರೆಯುವ ತನಕ ಪೆನ್ನನ್ನೇ ನೋಡುತ್ತ ನಿಂತೆ. ಸೋಮವಾರ ಆಸ್ಪತ್ರೆಯ ಕಿಟಕಿಯೊಳಗೆ ಹೋದ ಕಾರ್ಡ್ ಒಪ್ಪಿಗೆಯಾಗಿ ಮರಳಿ ಕೈಗೆ ಬಂದ ಮೇಲೂ ಬೆವರು ಆರಲಿಲ್ಲ.

ಈಗ ನನ್ನಲ್ಲಿ ಇರುವುದು ಎರಡು ಕೋಣೆ, ಒಂದು ಸೈಕಲ್, ಗೌಂಡಿ ಸಾಮಾನಿನ ಒಂದು ಚೀಲ, ನಾಲ್ಕು ವರ್ಷದ ಓದು, ಒಂದು ಕಾರ್ಡ್. ಕುರ್ಚಿ ಇಲ್ಲ, ಫ್ರಿಜ್ ಇಲ್ಲ. ಹೆಂಡತಿ ಇದ್ದಾಳೆ.