ಮುಂದಿನ ಸೀಟಿಗೆ ಮಾತ್ರ ಕೇಳುವ ಹಾಡು

ಕಾರಿನ ಹೊಸ ಸ್ಟೀರಿಯೋದ ಪರದೆಯ ಮೇಲೆ ಸಾಲಾಗಿ ನಿಂತ, ಸ್ವರಗಳನ್ನು ಏರಿಸಿ ಇಳಿಸುವ ಕಡ್ಡಿಗಳಲ್ಲಿ ಎಡದಿಂದ ಏಳನೆಯದನ್ನು ಬೆರಳಿನಿಂದ ತುದಿಯವರೆಗೂ ಮೇಲಕ್ಕೆ ತಳ್ಳಿದೆ. ಸ್ಟೀರಿಂಗಿನ ಮುಂದೆ ಕೂತಿದ್ದ ಅಪ್ಪನ ಮುಖ ಅರಳಿತು. “ಆಂ, ಇವಾಗ ನೋಡು, ಪದ ಬಿಡಿಬಿಡಿಯಾಗಿ ಕೇಳ್ತಾ ಅದೆ,” ಎಂದರು. ನನ್ನ ಕಿವಿಗೆ ಆ ಸದ್ದು ತಗಡನ್ನು ಉಗುರಿನಿಂದ ಕೆರೆದಂತಿತ್ತು. ಅಪ್ಪನ ಕಿವಿ ಹೋಗುತ್ತಿದೆ ಎಂಬುದು ನನಗೆ ಅದಕ್ಕೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅವರಿಂದ ಮುಚ್ಚಿಟ್ಟೆ, ಅವ್ವನಿಂದಲೂ ಮುಚ್ಚಿಟ್ಟೆ. ಮುಚ್ಚಿಡುವುದಕ್ಕೆಂದೇ ಆ ಸ್ಟೀರಿಯೋವನ್ನು ಆರಿಸಿದೆ.

ಇದನ್ನು ಮನಸ್ಸಿನಲ್ಲಿ ಹಲವು ಬಗೆಯಾಗಿ ಹೇಳಿಕೊಂಡಿದ್ದೇನೆ. ಪ್ರತಿ ಸಲವೂ ನಾನು ಇದ್ದುದಕ್ಕಿಂತ ಸ್ವಲ್ಪ ಒಳ್ಳೆಯವಳಾಗಿ ಕಾಣಿಸುತ್ತೇನೆ. ಆದ್ದರಿಂದ ನಡೆದ ಹಾಗೆಯೇ ಬರೆಯುತ್ತೇನೆ.

ನಮ್ಮ ಮನೆ ಮಳವಳ್ಳಿಯಲ್ಲಿ. ಅಪ್ಪ ಒಂದು ವಿದ್ಯುತ್ ಕೇಂದ್ರದಲ್ಲಿ ಟರ್ಬೈನುಗಳ ಪಕ್ಕದಲ್ಲೇ ನೌಕರಿ ಮುಗಿಸಿದವರು. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಕೂಗುತ್ತಿದ್ದರು. ಇಲ್ಲವೆ ಕೈಸನ್ನೆ ಮಾಡುತ್ತಿದ್ದರು. ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಗೆಜ್ಜಲಗೆರೆಯ ಒಂದು ಕಾರ್ಖಾನೆಯ ಪರೀಕ್ಷಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಿಗ್ಗೆ ಮದ್ದೂರಿನ ಮೇಲೆ ಕರೆದುಕೊಂಡು ಹೋಗಿ ಬಿಡುವುದು, ಸಂಜೆ ಕರೆತರುವುದು — ನಿವೃತ್ತರಾದ ಅಪ್ಪ ಈ ಕೆಲಸವನ್ನು ಸಂತೋಷದಿಂದ ಹಚ್ಚಿಕೊಂಡಿದ್ದರು. ಕಾರು ಹಳೆಯದು, ಬಿಳಿ ಬಣ್ಣದ್ದು, ಕ್ಯಾಸೆಟ್ಟು ಹಾಕುವ ಕಾಲದ್ದು. ಮುಂದಿನ ಎಡಗಡೆ ಸೀಟು ಅವ್ವನ ಜಾಗ. ಅವಳಿಲ್ಲದಾಗಲೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ನಾನು ಹಿಂದೆ.

“ಎಲ್ಲಾ ಗುಂಯ್ ಅಂತದೆ ಕಣವ್ವ, ಪದ ಒಂದೂ ತಿಳಿಯಾಕಿಲ್ಲ. ಸ್ಪೀಕರ್ ಓಗದೆ,” ಎಂದು ಅಪ್ಪ ದಿನಾ ಗೊಣಗುತ್ತಿದ್ದರು. ಸ್ಪೀಕರು ಹೋಗಿರಲಿಲ್ಲ. ಹಳತಾಗಿತ್ತು, ನಿಜ, ಆದರೆ ನನಗೆ ಪ್ರತಿ ಪದವೂ ಕೇಳುತ್ತಿತ್ತು. ಒಂದು ಸಂಜೆ ಹಿಂದಿನ ಸೀಟಿನಿಂದ ಸಹಜವಾದ ದನಿಯಲ್ಲಿ ಹೇಳಿದೆ: “ಅಪ್ಪ, ನಾಳೆ ನಂಗೆ ರಜ.” ಉತ್ತರವಿಲ್ಲ. ಮತ್ತೆ ಹೇಳಿದೆ. ಅವರು ರಸ್ತೆ ನೋಡುತ್ತಲೇ ಇದ್ದರು. ಆಗ ಕೈ ಚಾಚಿ ಭುಜ ಮುಟ್ಟಿದ್ದರೆ — ಮುಟ್ಟಲಿಲ್ಲ. ಮೊಬೈಲ್ ತೆಗೆದು ಅವನಿಗೆ ಫೋನ್ ಮಾಡಿದೆ.

ಅವನು ನನ್ನ ಜೊತೆ ಓದಿದವನು. ಅವನ ಊರು ನಮ್ಮ ಪಕ್ಕದ್ದೇ. ಅವನ ಕೇರಿ ಮಾತ್ರ ನಮ್ಮ ಮನೆಯಲ್ಲಿ ಹೆಸರೆತ್ತಲಾಗದಂಥದ್ದು. ಮನೆಯಲ್ಲಿ ನನಗೊಂದು ಬಾಗಿಲಿರುವ ಕೋಣೆ ಇರಲಿಲ್ಲ. ಕಾರಿನ ಹಿಂದಿನ ಸೀಟು ಸಿಕ್ಕಿತು. ಮುಂದೆ ನನ್ನ ತಂದೆ ಕೂತಿದ್ದಾರೆ, ನಾನು ಅವರ ಬೆನ್ನ ಹಿಂದೆ ಮೆಲ್ಲಗೆ ನಗುತ್ತಾ ಮಾತಾಡುತ್ತಿದ್ದೇನೆ, ಅವರಿಗೆ ಕೇಳಿಸುತ್ತಿಲ್ಲ. ಆ ಸಂತೋಷವನ್ನು ಈಗ ನೆನೆಯಲೂ ನಾಚಿಕೆ.

ಡಾಕ್ಟರಿಗೆ ಕಿವಿ ತೋರಿಸಿದರೆ ಅವರಿಗೆ ಕೇಳುವ ಯಂತ್ರ ಹಾಕುತ್ತಾರೆ. ಯಂತ್ರ ಬಂದರೆ ನನ್ನ ಕೋಣೆ ಹೋಗುತ್ತದೆ. ಹಾಡು ಚೆನ್ನಾಗಿ ಕೇಳಿದರೆ ಕಿವಿಯ ಮೇಲೆ ಅವರಿಗೆ ಅನುಮಾನವೇ ಬರುವುದಿಲ್ಲ. ನನ್ನ ಲೆಕ್ಕ ಇಷ್ಟೇ ಸರಳವಾಗಿತ್ತು. “ಅಪ್ಪ, ಒಳ್ಳೆ ಸ್ಟೀರಿಯೋ ಹಾಕಿಸೋಣ,” ಎಂದು ಎದುರಿಗೆ ನಿಂತು, ಬಾಯಿ ಕಾಣುವಂತೆ ಹೇಳಿದೆ.

ಪರೀಕ್ಷೆಗೆ ಓದುವಂತೆ ಓದಿದೆ. ಹಳೆಯ ಕಾರಿನ ಬ್ಯಾಟರಿ ದೊಡ್ಡ ಆಂಪ್ಲಿಫೈಯರನ್ನು ತಾಳುವುದಿಲ್ಲ. ಬಾಗಿಲ ತಗಡು ತೆಳು. ದೊಡ್ಡ ಸ್ಪೀಕರು ಹಾಕಿದರೆ ಹಾಡಿಗಿಂತ ಬಾಗಿಲೇ ಹೆಚ್ಚು ಸದ್ದು ಮಾಡುತ್ತದೆ. ಇದಾವುದೂ ನನಗೆ ಮುಖ್ಯವಾಗಿರಲಿಲ್ಲ. ಅಪ್ಪನಿಗೆ ಯಾವ ಸ್ವರಗಳು ಕೇಳುವುದಿಲ್ಲವೋ ಅವನ್ನಷ್ಟೇ ಎತ್ತಿ ಕೊಡಬಲ್ಲ ಸಾಧನ ಬೇಕಿತ್ತು. ಗದ್ದಲದಲ್ಲಿ ದುಡಿದವರ ಕಿವಿಯಲ್ಲಿ ಮೊದಲು ಸಾಯುವುದು ತೆಳು ಸ್ವರಗಳು — ಹೆಂಗಸರ ಮೆಲುದನಿ, ಮಾತಿನ ಅಂಚು. ಅದು ನನಗೆ ಗೊತ್ತಿತ್ತು.

ಮಂಡ್ಯದ ಅಂಗಡಿಯವನು ಬಾಯಿಬಡುಕ. “ಯಜಮಾನ್ರೆ, ಸಬ್‌ವೂಫರ್ ಆಕ್ಸಿ. ಇಲ್ಲಿ ಆನ್ ಮಾಡುದ್ರೆ ಮದ್ದೂರ್ ಟೇಸನ್ನಲ್ಲಿ ವಡೆ ನಡುಗ್ಬೇಕು,” ಎಂದ. ನಾನು ನಕ್ಕೆ. ಅಪ್ಪ ನನ್ನ ಮುಖ ನೋಡಿ, ಆಮೇಲೆ ನಕ್ಕರು. ಅದನ್ನೂ ಗಮನಿಸಿದೆ.

“ಬೇಸ್ ಬೇಡ. ಮಾತು ಸ್ಪಷ್ಟವಾಗಿ ಕೇಳಬೇಕು,” ಎಂದೆ. ತೆಳು ಸ್ವರಕ್ಕೆಂದೇ ಇರುವ ಪುಟ್ಟ ಸ್ಪೀಕರುಗಳೆರಡನ್ನೂ ಚಾಲಕನ ಕಡೆಗೇ ತಿರುಗಿಸಿ ಕೂರಿಸಲು ಹೇಳಿದೆ. ಹಿಂದಿನ ಸ್ಪೀಕರು ಬೇಡವೆಂದೆ.

“ಯಾಕ್ ಮೇಡಂ, ಹಿಂದ್ಗಡೆ ಕೂರೋರು ಏನ್ ಪಾಪ ಮಾಡವ್ರೆ?”

“ಹಿಂದೆ ನಾನೇ ಕೂರೋದು.”

“ಅಂಗಾರೆ ಬುಡಿ,” ಎಂದ.

ಹೀಗೆ ಮುಂದಿನ ಸೀಟಿಗೆ ಮಾತ್ರ ಹಾಡು ಕೇಳತೊಡಗಿತು. ಅವ್ವ ಮೊದಲ ಸಲ ಕೂತಾಗಲೇ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. “ಇದೇನ್ ಇಂಗೆ ಚುಚ್ತದೆ ಕಣಮ್ಮ,” ಎಂದಳು. “ನಿಂಗೆ ಸಂಗೀತ ತಿಳಿಯಾಕಿಲ್ಲ, ಸುಮ್ಕಿರು,” ಎಂದರು ಅಪ್ಪ. ಅಂದಿನಿಂದ ಅವರಿಗೆ ತಮ್ಮ ಕಿವಿಯ ಮೇಲಿದ್ದ ಸಣ್ಣ ಅನುಮಾನವೂ ಹೋಯಿತು. ಅಂಗಳದಲ್ಲಿ ಕಾರು ನಿಂತಿದ್ದಾಗಲೂ ಅದರೊಳಗೆ ಕೂತು ಹಾಡು ಕೇಳುತ್ತಿದ್ದರು.

ಅವ್ವನ ದನಿ ಮೆದು. ಗಂಡನ ಎದುರು ದನಿ ಎತ್ತುವ ಹೆಂಗಸನ್ನು ನಮ್ಮ ಕಡೆ ಬಜಾರಿ ಅನ್ನುತ್ತಾರೆ. ಹೆಸರು ಹಿಡಿದು ಕರೆಯುವುದಂತೂ ಇಲ್ಲವೇ ಇಲ್ಲ. ಅವಳು ಬಾಗಿಲಿಗೆ ಬಂದು “ಇಲ್ ನೋಡಿ” ಅನ್ನುವಳು, ಅಷ್ಟೇ. ಅಪ್ಪ ತಿರುಗುತ್ತಿರಲಿಲ್ಲ. ಮೊದಮೊದಲು ಇನ್ನೊಮ್ಮೆ ಅನ್ನುತ್ತಿದ್ದಳು. ಆಮೇಲೆ ಬಿಟ್ಟಳು. ಊಟಕ್ಕೆ ಕರೆಯಲು ತಟ್ಟೆಯನ್ನು ಸದ್ದಾಗುವಂತೆ ಇಡುವುದು ಕಲಿತಳು. ಅಪ್ಪ ಅದನ್ನು ಅವಳ ಸಿಟ್ಟು ಅಂದುಕೊಂಡರು. ಅವಳು ಅವರ ಮೌನವನ್ನು ತಿರಸ್ಕಾರ ಅಂದುಕೊಂಡಳು. ಇಬ್ಬರ ನಡುವೆ ನಿಜ ತಿಳಿದವಳು ನಾನೊಬ್ಬಳು. ಅದೇ ಮನೆಯಲ್ಲಿ, ಅದೇ ಅಡುಗೆ ಉಣ್ಣುತ್ತಾ —

ಆ ಹೊತ್ತಿಗೆ ನನ್ನ ಹಿಂದಿನ ಸೀಟಿನ ಮಾತುಕತೆಯೂ ಮುಗಿದಿತ್ತು. ಕೊನೆಯ ಸಲ ಅವನು ಕೇಳಿದ್ದು ಇಷ್ಟು: “ನಿಮ್ಮಪ್ಪನ ಬೆನ್ನ ಹಿಂದೆ ಕೂತು ಮಾತಾಡಕ್ಕಾಗ್ತದೆ. ಎದುರುಗಡೆ ನಿಂತು ಒಂದು ಮಾತು ಆಡಕ್ಕಾಗಲ್ವಾ?” ನಾನು ಫೋನ್ ಕಟ್ ಮಾಡಿದೆ. ಅವನು ಮತ್ತೆ ಫೋನ್ ಮಾಡಲಿಲ್ಲ. ಮುಚ್ಚಿಡಲು ಇದ್ದ ಕಾರಣ ಹೋಗಿತ್ತು. ಮುಚ್ಚಿಟ್ಟಿದ್ದೆ ಎಂಬುದೊಂದೇ ಉಳಿದಿತ್ತು, ಈಗ ಅದನ್ನು ಮುಚ್ಚಿಡಬೇಕಾಗಿತ್ತು.

ಒಂದು ಭಾನುವಾರ ಅವ್ವನ ಕಾಲ ಮೇಲೆ ಕುದಿಯುವ ಸಾರಿನ ಪಾತ್ರೆ ಮಗುಚಿತು. ನಾನು ಮನೆಯಲ್ಲಿರಲಿಲ್ಲ. ಅವಳು ಕರೆದಿದ್ದಾಳೆ. ಕಿಟಕಿಯಾಚೆ ಅಂಗಳದಲ್ಲೇ ಕಾರು, ಗಾಜು ಇಳಿಸಿದೆ, ಒಳಗೆ ಅಪ್ಪ. ಹಾಡು ಎಷ್ಟು ಮೆಲ್ಲಗಿತ್ತೆಂದರೆ ಅಡುಗೆಮನೆಗೆ ಬರುತ್ತಿರಲಿಲ್ಲ. ಕೊನೆಗೆ ಪಕ್ಕದ ಮನೆಯಾಕೆ ಓಡಿಬಂದು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು. “ನಿಮ್ಮೆಜಮಾನ್ರು ತಾಳ ಆಕ್ಕಂಡು ಕುಂತವ್ರೆ ಕಣಕ್ಕ,” ಎಂದು ಅವಳು ಹೇಳಿದ್ದು ಅವ್ವನಿಗೆ ಸುಟ್ಟ ಗಾಯಕ್ಕಿಂತ ಹೆಚ್ಚು ಉರಿಯಿತು.

ಕಿರುಗಾವಲಿನಿಂದ ಸೋದರಮಾವ ಬಂದರು. ಜೊತೆಗೆ ಎರಡೂ ಕಡೆಯ ಹಿರಿಯರು. ಗಂಡ ಹೆಂಡಿರ ವಿಷಯವನ್ನು ಹೀಗೆ ಚಾಪೆ ಹಾಸಿ ಕೂತು ಮಾತಾಡುವುದು ನಮ್ಮಲ್ಲಿ ಇಂದಿಗೂ ಉಂಟು.

“ಇವಳು ಮಾತಾಡುದ್ರೆ ತಾನೆ ನಾನ್ ಕೇಳೋದು,” ಎಂದರು ಅಪ್ಪ. “ಬಾಯಿಗೆ ಬೀಗ ಆಕ್ಕಂಡು ಎಷ್ಟ್ ದಿಸ ಆಯ್ತು ಕೇಳಿ.”

ಅವ್ವ ತಲೆ ಎತ್ತಲಿಲ್ಲ. “ಕರುದ್ರೂ ಕರೀಲಿಲ್ಲ ಅಂತಾರಲ್ಲಣ್ಣ,” ಎಂದಳು.

ಹಿರಿಯರೊಬ್ಬರು, ಕಿವಿ ಏನಾದರೂ ಮಂದವಾಗಿದೆಯೋ ಏನೋ ಎಂದರು. ಮಾವ ನನ್ನತ್ತ ತಿರುಗಿದರು. “ನೀನು ಓದಿರೋಳು, ದಿನಾ ಜೊತೇಲಿ ಓಗಿ ಬರೋಳು. ನೀನೇ ಏಳವ್ವ. ನಿಮ್ಮಪ್ಪಂಗೆ ಕಿವಿ ಕೇಳ್ತದಾ, ಇಲ್ವಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವ್ವನೂ. ಹೇಳಿದರೆ ಯಾವಾಗಿನಿಂದ ಗೊತ್ತು ಎಂದು ಕೇಳುತ್ತಾರೆ. ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ನಾನು ಹೇಳಿದೆ:

“ಕಾರಲ್ಲಿ ಹಾಡು ಕೇಳ್ತಾರಲ್ಲ ಮಾವ.”

ಈ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನನ್ನ ಬಾಯಿಂದ ಬಂದಿರುವ ಸುಳ್ಳುಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಮಾವ ಎದ್ದರು. “ಭಾವ, ಒಸಿ ಈಚೆ ಬನ್ನಿ,” ಎಂದು ಅಪ್ಪನನ್ನು ಕಾರಿನಲ್ಲಿ ಕೂರಿಸಿದರು. ತಾವು ಪಕ್ಕದಲ್ಲಿ ಕೂತು ಹಾಡು ಹಾಕಿದರು, ಸದ್ದು ಇಳಿಸಿದರು, ಮತ್ತೂ ಇಳಿಸಿದರು. ಮನೆ ಬಾಗಿಲಲ್ಲಿ ನಿಂತವರಿಗೆ ಏನೂ ಕೇಳುತ್ತಿರಲಿಲ್ಲ. ಒಳಗೆ ಅಪ್ಪ ಹಾಡಿನ ಜೊತೆಗೇ ಗುನುಗುತ್ತಿದ್ದರು, ಪರೀಕ್ಷೆಯಲ್ಲಿ ಗೆದ್ದ ಮಗುವಿನಂತೆ. ಪದೇಪದೇ ಕೇಳಿ ಬಾಯಿಪಾಠವಾದ ಹಾಡು. ಅವರ ಕಿವಿಯ ಅಳತೆಗೆ ನಾನೇ ಹೊಲಿದುಕೊಟ್ಟ ಸದ್ದು.

“ಕಿವಿ ನಂಗಿಂತ ಚೆಂದಾಗದೆ,” ಎಂದು ಮಾವ ಕಾರಿನಿಂದಿಳಿದು ಬಾಗಿಲು ಹಾಕಿದರು. “ನಡಿಯವ್ವ, ಬಟ್ಟೆ ತಕ್ಕ,” ಎಂದರು ಅವ್ವನಿಗೆ.

ಅವ್ವ ಅಳಲಿಲ್ಲ. ಇಷ್ಟು ದಿನ ಎಲ್ಲೋ ಒಂದು ಕಡೆ ಅವಳೂ ಕಿವಿಯದೇ ದೋಷವಿರಲಿ ಎಂದು ಹಾರೈಸಿಕೊಂಡಿದ್ದಳು ಎಂದು ಅವಳ ಮುಖ ನೋಡಿದಾಗ ತಿಳಿಯಿತು. ಆ ಆಸೆ ಅಲ್ಲಿ, ಅಂಗಳದಲ್ಲಿ, ಮುಗಿಯಿತು. ಕುಂಟುತ್ತಾ ಮಾವನ ಹಿಂದೆ ಹೋದಳು.

ಅವಳು ಇಂದಿಗೂ ಕಿರುಗಾವಲಿನಲ್ಲಿದ್ದಾಳೆ. ಹಬ್ಬಕ್ಕೆ ಬರುವುದಿಲ್ಲ. ನಾನು ಹೋದರೆ ಮಾತಾಡುತ್ತಾಳೆ, ಅಪ್ಪನ ಊಟ ತಿಂಡಿ ಕೇಳುವುದಿಲ್ಲ. ನನ್ನನ್ನು ಮಾತ್ರ ದೂರುವುದಿಲ್ಲ. ಅದನ್ನು ತಡೆದುಕೊಳ್ಳುವುದು ಕಷ್ಟ.

ಕಳೆದ ತಿಂಗಳು ಅಪ್ಪ, ಜೊತೆಗೆ ನಿವೃತ್ತರಾದ ಸ್ನೇಹಿತರೊಬ್ಬರ ಬಲವಂತಕ್ಕೆ ಕಿವಿ ಪರೀಕ್ಷೆ ಮಾಡಿಸಿಕೊಂಡು, ಯಂತ್ರ ಹಾಕಿಸಿಕೊಂಡು ಬಂದರು. ವಯಸ್ಸಿಗೆ ಬಂದದ್ದು, ಈಚೆಗೆ ಆದದ್ದು ಎಂದೇ ಅವರ ನಂಬಿಕೆ. ಮೊನ್ನೆ ಕಿರುಗಾವಲಿಗೆ ಹೋಗಿ ಅವ್ವನಿಗೆ ಈ ಸುದ್ದಿ ಹೇಳಿದೆ. ಅವಳು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಕೇಳ್ತಿದ್ದಾಗ ಕೇಳ್ನಿಲ್ಲ. ಅದ್ಕೇ ದೇವ್ರು ಕಿತ್ಕಂಡ,” ಎಂದಳು. “ಸರಿಯಾಗೇ ಮಾಡವ್ನೆ ಬುಡು.”

ಅವಳು ಕೆಟ್ಟ ಮಾತಾಡುವವಳಲ್ಲ. ತನ್ನ ಗಂಡನ ಕಿವುಡಿಗೆ ಸಂತೋಷಪಡುವಂತೆ ಅವಳನ್ನು ಮಾಡಿದವಳು ನಾನು. ಅದನ್ನು ಹೇಳದೆಯೇ ಕೊಟ್ಟ ಕಾಫಿ ಕುಡಿದು, ಬಸ್ಸು ಹತ್ತಿ, ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಅಪ್ಪ ಮುಖ ತೊಳೆದು, ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಳ್ಳುವವರೆಗೆ ಕಾದೆ. ಎದುರಿಗೆ ಕೂತು, ಅವ್ವ ಮಾತಾಡುವಷ್ಟೇ ಮೆಲ್ಲಗೆ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಫೋನಿನ ವಿಷಯವನ್ನೂ ಬಿಡಲಿಲ್ಲ. ಅವರಿಗೆ ಎಲ್ಲವೂ ಕೇಳಿಸಿತು. ಯಂತ್ರವನ್ನು ಬಿಚ್ಚಿ ಮೇಜಿನ ಮೇಲಿಟ್ಟು, ನನಗೆ ಬೆನ್ನು ತಿರುಗಿಸಿ ಕೂತರು. ಇನ್ನು ಅವ್ವನಿಗೆ ಹೇಳುವುದು ಬಾಕಿ ಇತ್ತು. ಎದ್ದು ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ನಡೆದು, ಕಿರುಗಾವಲಿನ ಬಸ್ಸಿಗೆ ಕಾದೆ.